ಗಾಡಿ ಪ್ರಶ್ನೋತ್ತರ: ಹತ್ತರ ಜಾಗಕ್ಕೆ ಇಪ್ಪತ್ತರ ಫ್ಯೂಸ್ ಹಾಕಬಹುದೇ? ಬಿಸಿ ಟೈರಿನ ಗಾಳಿ ಬಿಡಬಹುದೇ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಪಿಕಪ್, ಟಾಟಾ ಏಸ್ ತರಹದ ಸಣ್ಣ ಸರಕು ಗಾಡಿಯವರದು. ಕೇಳಿರುವುದು ಎರಡೇ ಸಾಮಾನಿನ ಬಗ್ಗೆ, ಫ್ಯೂಸು ಮತ್ತು ಟೈರು. ಒಂದು ಹತ್ತಿಪ್ಪತ್ತು ರೂಪಾಯಿಯದು, ಇನ್ನೊಂದು ಸಾವಿರಗಳದ್ದು. ಎರಡರ ಮೈಮೇಲೂ ತಡೆಯುವ ಮಿತಿಯನ್ನು ಕಂಪನಿಯವರು ಅಂಕಿಯಲ್ಲಿ ಅಚ್ಚು ಹಾಕಿ ಕಳಿಸುತ್ತಾರೆ. ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಆ ಅಂಕಿಯನ್ನು ದಾಟಿದರೆ ಏನಾಗುತ್ತದೆ ಎಂಬುದೇ.

ಪ್ರಶ್ನೆ: ಮಳೆ ಶುರುವಾದ ಮೇಲೆ ನಮ್ಮ ಪಿಕಪ್ಪಿನ ಹಿಂದಿನ ಲೈಟಿನ ಫ್ಯೂಸ್ ಪದೇ ಪದೇ ಹೋಗುತ್ತಿತ್ತು. ಎಲೆಕ್ಟ್ರಿಷಿಯನ್ 10ರ ಬದಲು 20ರ ಫ್ಯೂಸ್ ಹಾಕಿಕೊಟ್ಟರು. ಈಗ ಹೋಗುತ್ತಿಲ್ಲ. ಹೀಗೇ ಬಿಡಬಹುದೇ?
*— ಮೀನು ಸಾಗಿಸುವವರು, ಮಲ್ಪೆ*

ಬಿಡಬೇಡಿ. ಇವತ್ತೇ ತೆಗೆಸಿ.

ಮೊದಲು ಒಂದು ಲೆಕ್ಕ ನೋಡಿ. ಹಿಂದಿನ ಎರಡು ಟೈಲ್ ಲ್ಯಾಂಪ್, ಮುಂದಿನ ಎರಡು ಪಾರ್ಕಿಂಗ್ ಲೈಟ್, ನಂಬರ್ ಪ್ಲೇಟಿನ ಒಂದು ಲೈಟ್, ತಲಾ 5 ವ್ಯಾಟ್ ಅಂದರೆ ಒಟ್ಟು 25 ವ್ಯಾಟ್. 12 ವೋಲ್ಟಿನಿಂದ ಭಾಗಿಸಿದರೆ 2 ಆಂಪಿಗಿಂತ ಸ್ವಲ್ಪ ಹೆಚ್ಚು. ಮೀಟರ್ ಬೋರ್ಡಿನ ಬೆಳಕು ಸೇರಿಸಿದರೂ 3 ಆಂಪ್ ಮುಟ್ಟುವುದು ಕಷ್ಟ. 10ರ, ಅಂದರೆ 10 ಆಂಪಿನ ಫ್ಯೂಸಿಗೆ ಇದು ಏನೇನೂ ಅಲ್ಲ. ಅಷ್ಟಾಗಿಯೂ ಅದು ಹೋಗುತ್ತಿದೆ ಎಂದರೆ ಎಲ್ಲೋ ವೈರು ಚಾಸಿಗೆ ತಾಗುತ್ತಿದೆ, ಇಲ್ಲವೇ ಹೋಲ್ಡರಿನೊಳಗೆ ನೀರು ಸೇರಿ ಶಾರ್ಟ್ ಆಗುತ್ತಿದೆ.

ಫ್ಯೂಸ್ ಕಾಯುವುದು ಬಲ್ಬನ್ನಲ್ಲ, ವೈರನ್ನು. ಎರಡು ಚಪ್ಪಟೆ ಕಾಲಿನ ಬ್ಲೇಡ್ ಫ್ಯೂಸಿನ ಸ್ವಭಾವ ಹೀಗಿದೆ: ಬರೆದಿರುವ ಅಂಕಿಯಷ್ಟು ಕರೆಂಟ್ ಹರಿದರೆ ಅದು ಹೋಗುವುದೇ ಇಲ್ಲ. ಒಂದೂಕಾಲು ಪಟ್ಟು ದಾಟಿ 1.35 ಪಟ್ಟಾದಾಗಲೂ ಹತ್ತು ನಿಮಿಷದವರೆಗೆ ತಾಳಬಹುದು. ಎರಡು ಪಟ್ಟಾದರೆ ಐದು ಸೆಕೆಂಡಿನೊಳಗೆ ಕರಗುತ್ತದೆ. ಅಂದರೆ 20 ಆಂಪಿನ ಶಾರ್ಟ್ ಬಂದಾಗ 10ರ ಫ್ಯೂಸ್ ಐದು ಸೆಕೆಂಡಿನಲ್ಲಿ ಲೈನ್ ಕತ್ತರಿಸುತ್ತದೆ; ನಿಮ್ಮ 20ರ ಫ್ಯೂಸ್ ಅದೇ ಶಾರ್ಟನ್ನು ಮಲ್ಪೆಯಿಂದ ಮಂಗಳೂರಿನವರೆಗೆ ಸುಮ್ಮನೆ ಹೊತ್ತುಕೊಂಡು ಹೋಗುತ್ತದೆ. ಟೈಲ್ ಲ್ಯಾಂಪಿನ ವೈರು ತೆಳ್ಳಗಿನದು. ಅಷ್ಟು ಕರೆಂಟಿಗೆ ಅದರ ಮೇಲಿನ ಪ್ಲಾಸ್ಟಿಕ್ ಮೆತ್ತಗಾಗಿ, ಪಕ್ಕದ ವೈರಿನ ಪ್ಲಾಸ್ಟಿಕ್ಕನ್ನೂ ಕರಗಿಸಿ, ಡ್ಯಾಶ್‌ಬೋರ್ಡ್ ಕೆಳಗೆ ಹೊಗೆ ಕಾಣುವಷ್ಟರಲ್ಲಿ ಇಡೀ ವೈರಿಂಗ್ ಕಟ್ಟು ಹೋಗಿರುತ್ತದೆ. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ, ತಾಮ್ರದ ಎಳೆ ಸುತ್ತುವುದು ಇದಕ್ಕಿಂತಲೂ ಕೆಟ್ಟದ್ದು. ಅದಕ್ಕೆ ಮಿತಿಯೇ ಇಲ್ಲ.

ಶಾರ್ಟ್ ಹುಡುಕಲು ಒಂದರ ಹಿಂದೊಂದು ಫ್ಯೂಸ್ ಸುಡಬೇಕಾಗಿಲ್ಲ. ಇಂಡಿಕೇಟರಿನ 21 ವ್ಯಾಟ್ ಬಲ್ಬೊಂದಕ್ಕೆ ಎರಡು ವೈರು ಬೆಸುಗೆ ಹಾಕಿ. ಹಿಂದಿನ ಲೈಟಿನ ಫ್ಯೂಸ್ ಕಿತ್ತು, ಅದರ ಎರಡು ಕಂಡಿಗೆ ಈ ವೈರುಗಳನ್ನು ಕೊಡಿ. ಆ ಲೈನಿನ ಬಲ್ಬುಗಳನ್ನೆಲ್ಲ ಹೋಲ್ಡರಿನಿಂದ ತೆಗೆದಿಟ್ಟು ಲೈಟ್ ಸ್ವಿಚ್ ಹಾಕಿ. ಶಾರ್ಟ್ ಇದ್ದರೆ ನಿಮ್ಮ ಬಲ್ಬು ಪ್ರಖರವಾಗಿ ಉರಿಯುತ್ತದೆ. ಬಲ್ಬಿನ ಮೂಲಕ ಹೋಗುವುದು ಒಂದೂಮುಕ್ಕಾಲು ಆಂಪ್ ಮಾತ್ರ, ಆದ್ದರಿಂದ ವೈರು ಸುಡುವ ಭಯವಿಲ್ಲ. ಈಗ ಹಿಂದಿನಿಂದ ಒಂದೊಂದೇ ಕನೆಕ್ಟರ್ ಬಿಚ್ಚುತ್ತ, ವೈರಿನ ಕಟ್ಟನ್ನು ಅಲ್ಲಾಡಿಸುತ್ತ ಮುಂದೆ ಬನ್ನಿ. ಯಾವ ಜಾಗ ಮುಟ್ಟಿದಾಗ ಬಲ್ಬು ಆರುತ್ತದೋ ತಪ್ಪು ಅಲ್ಲಿದೆ. ಈ ವಿದ್ಯೆಯನ್ನು ಲೈಟು, ಹಾರ್ನು, ವೈಪರ್ ಲೈನಿಗೆ ಮಾತ್ರ ಇಟ್ಟುಕೊಳ್ಳಿ. ಏರ್‌ಬ್ಯಾಗ್ ಮತ್ತು ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಎಂದು ಬರೆದಿರುವ ಫ್ಯೂಸುಗಳ ಬಳಿ ಬಲ್ಬು ಒಯ್ಯಬೇಡಿ.

ಮೀನಿನ ಗಾಡಿಯಲ್ಲಿ ಮೊದಲು ನೋಡಬೇಕಾದ ಜಾಗ ಮೂರು. ಒಂದು, ಟೈಲ್ ಲ್ಯಾಂಪಿನ ಹೋಲ್ಡರ್. ಐಸ್ ಕರಗಿ ಸುರಿಯುವ ಉಪ್ಪುನೀರು ಅಲ್ಲಿ ಇಳಿದು ಹಸಿರು ಕಿಲುಬು ಕಟ್ಟುತ್ತದೆ. ಮಳೆನೀರಿಗಿಂತ ಉಪ್ಪುನೀರಿನಲ್ಲಿ ಕರೆಂಟ್ ಎಷ್ಟೋ ಪಟ್ಟು ಸಲೀಸಾಗಿ ಹರಿಯುತ್ತದೆ. ಎರಡು, ಬಾಡಿ ಕಟ್ಟಿಸುವಾಗ ಹೆಚ್ಚುವರಿಯಾಗಿ ಎಳೆದ ವೈರು. ತಿರುಚಿ ಟೇಪ್ ಸುತ್ತಿದ ಜಾಯಿಂಟುಗಳು ಒಂದು ಬೇಸಿಗೆ ಕಳೆದರೆ ಬಿಚ್ಚಿಕೊಳ್ಳುತ್ತವೆ. ಮೂರು, ಚಾಸಿಯ ತೂತಿನೊಳಗೆ ವೈರು ನುಗ್ಗುವ ಕಡೆ ರಬ್ಬರ್ ಬುಷ್ ಬಿದ್ದುಹೋಗಿ ತಗಡಿನ ಅಂಚು ವೈರನ್ನು ಕೊಯ್ಯುತ್ತಿರುತ್ತದೆ.

ರಿಪೇರಿ ಮಾಡಿಸುವಾಗ ಬೆಸುಗೆ ಹಾಕಿ ಮೇಲೆ ಹೀಟ್ ಶ್ರಿಂಕ್ ಟ್ಯೂಬ್ ಎಳೆಸಿ. ಹೋಲ್ಡರ್ ಕಿಲುಬು ಹಿಡಿದಿದ್ದರೆ ಉಜ್ಜುತ್ತ ಕೂರದೆ ಹೊಸದು ಹಾಕಿಸಿ, ಸಂಪರ್ಕಕ್ಕೆ ತುಸು ಪೆಟ್ರೋಲಿಯಂ ಜೆಲ್ಲಿ ಸವರಿ. ಲ್ಯಾಂಪಿನ ಅಡಿಯಲ್ಲಿ ನೀರು ಬಸಿಯಲು ಸಣ್ಣ ತೂತು ಇರುತ್ತದೆ. ‘ನೀರು ಹೋಗಬಾರದು’ ಎಂದು ಸಿಲಿಕಾನ್ ಮೆತ್ತಿ ಅದನ್ನೇ ಮುಚ್ಚಿಬಿಡುವವರಿದ್ದಾರೆ. ಆಮೇಲೆ ಲ್ಯಾಂಪು ಲೋಟವಾಗುತ್ತದೆ. ಲೋಡ್ ಇಳಿಸಿದ ದಿನವೇ ಚಾಸಿಯ ಅಡಿಗೂ ಸಿಹಿನೀರು ಬಿಡಿ.

ಪ್ರಶ್ನೆ: ಫ್ಯೂಸಿನ ಬಣ್ಣ ನೋಡಿ ಆಂಪ್ ಹೇಳಬಹುದೇ?
*— ಹೊಸ ಚಾಲಕ, ತುಮಕೂರು*

ಹೇಳಬಹುದು. 5 ತಿಳಿ ಕಂದು, 7.5 ಕಡು ಕಂದು, 10 ಕೆಂಪು, 15 ನೀಲಿ, 20 ಹಳದಿ, 25 ಬಣ್ಣವಿಲ್ಲದ್ದು ಅಥವಾ ಬಿಳಿ, 30 ಹಸಿರು. ಆದರೂ ಮೇಲಿನ ಅಂಕಿ ಓದದೆ ಹಾಕಬೇಡಿ. ಹಳೆಯ ಫ್ಯೂಸಿನ ಬಣ್ಣ ಬಿಸಿಗೆ ಮಾಸಿರುತ್ತದೆ, ಕಳಪೆ ಮಾಲಿನಲ್ಲಿ ಬಣ್ಣಕ್ಕೆ ಬೆಲೆಯಿಲ್ಲ. ಗಾತ್ರವೂ ಒಂದೇ ಅಲ್ಲ, ದೊಡ್ಡದು, ಮಿನಿ ಎಂದು ಬೇರೆ ಬೇರೆ ಬರುತ್ತವೆ. ಬದಲಿಸುವಾಗ ಕೀಲಿ ತೆಗೆದು, ಪೆಟ್ಟಿಗೆಯ ಮುಚ್ಚಳದ ಒಳಗಿನ ನಕ್ಷೆ ನೋಡಿ, ಅಲ್ಲೇ ಸಿಕ್ಕಿಸಿರುವ ಪ್ಲಾಸ್ಟಿಕ್ ಚಿಮಟದಿಂದ ನೇರಕ್ಕೆ ಎಳೆಯಿರಿ. ಹೊಸದು ಹಾಕಿದ ಕೂಡಲೇ ಅದೂ ಹೋಯಿತೆಂದರೆ ಮೂರನೆಯದು ಹಾಕಬೇಡಿ. ಮೇಲೆ ಮಲ್ಪೆಯವರಿಗೆ ಹೇಳಿದ ಕೆಲಸ ಶುರುಮಾಡಿ.

ಪ್ರಶ್ನೆ: ಬ್ಲೋವರಿನ (ಕ್ಯಾಬಿನ್ನಿಗೆ ಗಾಳಿ ಬೀಸುವ ಫ್ಯಾನಿನ) ಫ್ಯೂಸ್ ಹೋಗಿಲ್ಲ, ಒಳಗಿನ ತಂತಿ ಸರಿಯಿದೆ. ಆದರೆ ಅದರ ಪ್ಲಾಸ್ಟಿಕ್ ಒಂದು ಕಾಲಿನ ಕಡೆ ಕರಗಿ ಕಪ್ಪಾಗಿದೆ. ಎರಡು ಸಲ ಬದಲಿಸಿದರೂ ಹಾಗೇ ಆಗುತ್ತಿದೆ. ಫ್ಯೂಸ್ ಕಳಪೆಯೇ?
*— ಭತ್ತದ ವ್ಯಾಪಾರಿ, ದಾವಣಗೆರೆ*

ಫ್ಯೂಸಿನ ತಪ್ಪಲ್ಲ, ಅದು ಕೂರುವ ಕಂಡಿ ಸಡಿಲವಾಗಿದೆ. ಕರೆಂಟ್ ಮಿತಿಯಲ್ಲೇ ಇದೆ, ಅದಕ್ಕೇ ತಂತಿ ಕರಗಿಲ್ಲ. ಕಾಲು ಮತ್ತು ಕಂಡಿಯ ನಡುವೆ ಬಿಗಿ ತಪ್ಪಿ ಕೇವಲ 0.1 ಓಮ್ ತಡೆ ಬಂದರೂ, 15 ಆಂಪ್ ಹರಿಯುವಾಗ ಅಲ್ಲಿ ಇಪ್ಪತ್ತೆರಡು ವ್ಯಾಟಿಗಿಂತ ಹೆಚ್ಚು ಬಿಸಿ ಹುಟ್ಟುತ್ತದೆ (15ನ್ನು 15ರಿಂದ ಗುಣಿಸಿ 0.1ರಿಂದ ಗುಣಿಸಿ). ಉಗುರಿನಷ್ಟು ಜಾಗದಲ್ಲಿ ಇಂಡಿಕೇಟರ್ ಬಲ್ಬೊಂದು ಸದಾ ಉರಿದ ಹಾಗೆ. ಬಿಸಿಯಾದಷ್ಟೂ ಕಂಡಿಯ ಹಿತ್ತಾಳೆ ತನ್ನ ಸ್ಪ್ರಿಂಗ್ ಕಳೆದುಕೊಂಡು ಮತ್ತಷ್ಟು ಸಡಿಲವಾಗುತ್ತದೆ. ಫ್ಯೂಸ್ ಒತ್ತುವಾಗ ಬೆರಳಿಗೆ ಬಿಗಿ ಸಿಗದಿದ್ದರೆ ಆ ಟರ್ಮಿನಲ್ಲನ್ನೇ ಬದಲಿಸಬೇಕು. ಬ್ಯಾಟರಿಯ ನೆಗೆಟಿವ್ ಬಿಚ್ಚಿಯೇ ಕೆಲಸ ಮಾಡಿಸಿ. ಇಕ್ಕಳದಿಂದ ಕಂಡಿ ಒತ್ತಿ ಬಿಗಿಮಾಡಿದರೆ ನಾಲ್ಕು ದಿನ ನಡೆದೀತು. ಜೊತೆಗೆ ಬ್ಲೋವರ್ ಮೋಟಾರು ಸಲೀಸಾಗಿ ತಿರುಗದೆ ಹಿಡಿದುಕೊಳ್ಳುತ್ತಿದೆಯೇ ನೋಡಿಸಿ. ಧೂಳು ತುಂಬಿದ ಮೋಟಾರು ಹೆಚ್ಚು ಎಳೆಯುತ್ತದೆ.

ಪ್ರಶ್ನೆ: ಶಿರಾಡಿ ಘಾಟಿಯ ಮಂಜಿನಲ್ಲಿ ದಾರಿ ಕಾಣುವುದಿಲ್ಲ. ಹೆಡ್‌ಲೈಟಿಗೆ 100/90 ಬಲ್ಬ್ ಹಾಕಿಸಬೇಕೆಂದಿದ್ದೇನೆ. ಫ್ಯೂಸ್ ಎಷ್ಟರದು ಹಾಕಲಿ?
*— ಸಕಲೇಶಪುರ*

ಫ್ಯೂಸ್ ಹಾಗೇ ಇರಲಿ, ಬಲ್ಬ್ ಬೇಡ. ಮಾಮೂಲಿ 60/55 ಬಲ್ಬ್ (ಹೈಬೀಮಿಗೆ 60 ವ್ಯಾಟ್, ಲೋಬೀಮಿಗೆ 55) ಎರಡೂ ಹೈಬೀಮಿನಲ್ಲಿ 10 ಆಂಪ್ ಎಳೆದರೆ, ನೀವು ಹೇಳುವ ಜೋಡಿ 17ರ ಹತ್ತಿರ ಎಳೆಯುತ್ತದೆ. ಕಂಪನಿಯ ವೈರು, ಸ್ವಿಚ್ಚು, ಹೋಲ್ಡರು ಯಾವುದೂ ಅದಕ್ಕೆಂದು ಮಾಡಿದ್ದಲ್ಲ. ಪ್ಲಾಸ್ಟಿಕ್ ರಿಫ್ಲೆಕ್ಟರ್ ಕೂಡ ಮಬ್ಬಾಗುತ್ತದೆ. ಮಂಜಿನಲ್ಲಂತೂ ಬೆಳಕು ಹೆಚ್ಚಿದಷ್ಟೂ ಎದುರಿಗೆ ಬಿಳಿ ಪರದೆ ಕಟ್ಟಿದ ಹಾಗಾಗುತ್ತದೆ. ಲೋಬೀಮ್ ಮತ್ತು ಬಂಪರಿನ ಕೆಳಮಟ್ಟದ ಫಾಗ್ ಲ್ಯಾಂಪ್ ಅಲ್ಲಿ ಕೆಲಸಕ್ಕೆ ಬರುವುದು.

ಇರುವ ಬಲ್ಬಿನ ಬೆಳಕು ಪೂರ್ತಿ ಸಿಗುತ್ತಿದೆಯೇ ಮೊದಲು ನೋಡಿ. ಎಂಜಿನ್ ಓಡುತ್ತಿರುವಾಗ, ಲೈಟ್ ಹಾಕಿಕೊಂಡು, ಮಲ್ಟಿಮೀಟರಿನಲ್ಲಿ ಬ್ಯಾಟರಿಯ ಮೇಲೂ ಬಲ್ಬಿನ ಹಿಂದಿನ ಕನೆಕ್ಟರಿನಲ್ಲೂ ವೋಲ್ಟ್ ಅಳೆಯಿರಿ. ಬ್ಯಾಟರಿಯಲ್ಲಿ 13.8 ಇದ್ದು ಬಲ್ಬಿನಲ್ಲಿ 12.4 ಬಂದರೆ ಹತ್ತರಲ್ಲಿ ಒಂದು ಭಾಗ ವೋಲ್ಟ್ ದಾರಿಯಲ್ಲೇ ಸೋರಿದೆ. ಫಿಲಮೆಂಟ್ ಬಲ್ಬಿನಲ್ಲಿ ವೋಲ್ಟ್ ಶೇ 10 ಇಳಿದರೆ ಬೆಳಕು ಹೆಚ್ಚುಕಡಿಮೆ ಶೇ 30 ಇಳಿಯುತ್ತದೆ. ಹತ್ತರಲ್ಲಿ ಎಂಟು ಸಲ ಕಳ್ಳ ಅರ್ಥ್ ವೈರು. ಬಾಡಿಗೆ ಬೋಲ್ಟ್ ಮಾಡಿದ ಜಾಗದ ತುಕ್ಕು, ಪೇಂಟು ಕೆರೆದು ಬಿಗಿ ಮಾಡಿಸಿ. ಫಾಗ್ ಲ್ಯಾಂಪನ್ನು ಹೊಸದಾಗಿ ಹಾಕಿಸುವುದಾದರೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್ಚು) ಇರಲಿ, ಬೇರೆ ಫ್ಯೂಸ್ ಇರಲಿ. ಆ ಫ್ಯೂಸ್ ಬ್ಯಾಟರಿಯ ಪಾಸಿಟಿವ್‌ನಿಂದ ಒಂದು ಗೇಣಿನೊಳಗೇ ಇರಬೇಕು. ಲ್ಯಾಂಪಿನ ಹತ್ತಿರ ಫ್ಯೂಸ್ ಹಾಕಿದರೆ ನಡುವಿನ ಉದ್ದದ ವೈರಿಗೆ ರಕ್ಷಣೆಯೇ ಇಲ್ಲ.

ಪ್ರಶ್ನೆ: ಜಂಪ್ ಸ್ಟಾರ್ಟ್ ಮಾಡುವಾಗ ಪ್ಲಸ್ ಮೈನಸ್ ಅದಲುಬದಲಾಯಿತು. ಒಂದು ಕಿಡಿ ಬಂದು ಎಲ್ಲವೂ ಬಂದ್. ಬ್ಯಾಟರಿ ಹೊಸದು ಬೇಕೇ?
*— ಗದಗ*

ಬಹುಶಃ ಬೇಡ. ಬ್ಯಾಟರಿಯ ಪಕ್ಕದ ಪೆಟ್ಟಿಗೆಯಲ್ಲಿ ಬೋಲ್ಟ್ ಹಾಕಿ ಕೂರಿಸಿದ ದೊಡ್ಡ ಮೇನ್ ಫ್ಯೂಸ್ ಇರುತ್ತದೆ, ಅದು ಹೋಗಿರಬೇಕು. ನೆಗೆಟಿವ್ ಮೊದಲು ಬಿಚ್ಚಿ, ಕೊನೆಗೆ ಹಾಕಿ. ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೂ ಆಗ ಕಿಡಿ ಬರುವುದಿಲ್ಲ. ಹೊಸ ಫ್ಯೂಸ್ ಹಾಕಿ ಸ್ಟಾರ್ಟ್ ಆದ ಮೇಲೆ ಬ್ಯಾಟರಿಯ ಮೇಲೆ 13.8ರಿಂದ 14.5 ವೋಲ್ಟ್ ಬರಬೇಕು. 12.5ರಲ್ಲೇ ನಿಂತಿದ್ದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಡಯೋಡ್ ಸುಟ್ಟಿರಬಹುದು.

ಪ್ರಶ್ನೆ: ನಮ್ಮ ಕಡೆ ಬ್ಯಾಸಗಿಯೊಳಗ 42 ಡಿಗ್ರಿ ಬಿಸಲು ಇರತೈತ್ರಿ. ಹಿಂದಿನ ಟೈರಿಗೆ ಮುಂಜಾನೆ 55 ಹಿಡಿಸಿದ್ದು ಮಧ್ಯಾಹ್ನ ನೋಡಿದ್ರ 64 ತೋರಸತೈತಿ. ಒಡದ್ ಹೋಗಬಾರದು ಅಂದ್ರ ಒಂದಿಷ್ಟು ಗಾಳಿ ಬಿಡಬೇಕು ಅಂತಾರ. ಖರೇ ಏನ್ರಿ?
*— ಹತ್ತಿ ಸಾಗಿಸುವವರು, ರಾಯಚೂರು*

ಖರೇ ಅಲ್ಲ, ಮತ್ತು ಅಪಾಯದ ಮಾತು. ಗಾಡಿಗೆ ಬರೆದಿರುವ ಪ್ರೆಶರ್ ತಣ್ಣಗಿನ ಟೈರಿನದು, ಅಂದರೆ ಗಾಡಿ ಕನಿಷ್ಠ ಮೂರು ತಾಸು ನಿಂತಿರಬೇಕು. ಓಡಿದ ಮೇಲೆ ಏರುವುದನ್ನು ಟೈರ್ ಮಾಡುವವರು ಮೊದಲೇ ಲೆಕ್ಕ ಹಿಡಿದಿರುತ್ತಾರೆ. 55 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹಿಡಿಸಿದ ಟೈರಿನಲ್ಲಿ ಒಳಗಿನ ಗಾಳಿ 10 ಡಿಗ್ರಿ ಬಿಸಿಯಾದರೆ ಪ್ರೆಶರ್ ಸುಮಾರು 2.3 ಪಿಎಸ್‌ಐ ಏರುತ್ತದೆ. ನಿಮಗೆ 9 ಏರಿದೆ, ಅಂದರೆ ಗಾಳಿ ಮುಂಜಾನೆಗಿಂತ 40 ಡಿಗ್ರಿಯಷ್ಟು ಬಿಸಿಯಾಗಿದೆ. ಲೋಡು ಹೊತ್ತು, ಕಾದ ಡಾಂಬರಿನ ಮೇಲೆ ಓಡಿದ ಟೈರಿಗೆ ಇದು ಅಸಹಜವಲ್ಲ.

ಈಗ ನೀವು ಮಧ್ಯಾಹ್ನ ಆ 9 ಪಿಎಸ್‌ಐ ಬಿಟ್ಟಿರಿ ಎನ್ನಿ. ಮಾರನೆಯ ಮುಂಜಾನೆ ಟೈರ್ ತಣ್ಣಗಾದಾಗ ಉಳಿಯುವುದು 47ರ ಆಸುಪಾಸು. ಅಷ್ಟರಲ್ಲಿ ಮತ್ತೆ ಲೋಡು ಹಾಕಿದಾಗ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಹೆಚ್ಚು ಮಡಚಿ ಬಿಚ್ಚುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದರೆ ಬಿಸಿಯಾಗುವುದಿಲ್ಲವೇ, ಅದೇ ಇಲ್ಲೂ. ಆ ಬಿಸಿಗೆ ರಬ್ಬರ್ ಮತ್ತು ಒಳಗಿನ ದಾರದ ಪದರಗಳು ಒಂದನ್ನೊಂದು ಬಿಡುತ್ತವೆ. ಬೇಸಿಗೆಯಲ್ಲಿ ಒಡೆಯುವ ಟೈರುಗಳಲ್ಲಿ ಗಾಳಿ ಹೆಚ್ಚಾಗಿ ಒಡೆದದ್ದಕ್ಕಿಂತ ಕಡಿಮೆಯಾಗಿ ಒಡೆದದ್ದೇ ಜಾಸ್ತಿ. ಗಾಳಿ ಬಿಟ್ಟವನಿಗೆ ತಾನೇ ಒಡೆಸಿದೆ ಎಂದು ಗೊತ್ತಾಗುವುದಿಲ್ಲ ಅಷ್ಟೇ.

ಒಂದು ಗುರುತು ಇಟ್ಟುಕೊಳ್ಳಿ. ತಣ್ಣಗಿನ ಅಂಕಿಗಿಂತ ಬಿಸಿಯಾದ ಅಂಕಿ ಐದನೇ ಒಂದು ಭಾಗಕ್ಕಿಂತ ಹೆಚ್ಚು ಏರಿದರೆ (55ಕ್ಕೆ 66 ದಾಟಿದರೆ) ಲೋಡು ಜಾಸ್ತಿ, ಅಥವಾ ಮುಂಜಾನೆ ಹಿಡಿಸಿದ್ದು ಕಡಿಮೆ, ಅಥವಾ ವೇಗ ಅತಿ. ಆಗಲೂ ಗಾಳಿ ಬಿಡದೆ ನೆರಳಿಗೆ ನಿಲ್ಲಿಸಿ ಆರಲು ಬಿಡಿ. ನೀರು ಸುರಿಯಬೇಡಿ. ಎಡ ಬಲ ಟೈರುಗಳನ್ನು ಹೋಲಿಸುವುದೂ ಒಳ್ಳೆಯದು. ಒಂದೇ ಕಡೆ ವಿಪರೀತ ಬಿಸಿ ಇದ್ದರೆ ಬ್ರೇಕ್ ಹಿಡಿದುಕೊಂಡಿದೆ ಅಥವಾ ಬೇರಿಂಗ್ ಹೋಗಿದೆ.

ಪ್ರಶ್ನೆ: ನೈಟ್ರೋಜನ್ ಹಾಕಿಸಿದರೆ ಟೈರ್ ಒಡೆಯುವುದಿಲ್ಲವಂತೆ, ಹೌದೇ?
*— ಹಾಸನ*

ನಾವು ಉಸಿರಾಡುವ ಗಾಳಿಯಲ್ಲೇ ಶೇ 78 ನೈಟ್ರೋಜನ್. ಉಳಿದದ್ದಕ್ಕೆ ದುಡ್ಡು ಕೊಡುವ ಬದಲು ಒಂದು ಒಳ್ಳೆಯ ಗಾಳಿ ಮೀಟರ್ ಕೊಳ್ಳಿ.

ಪ್ರಶ್ನೆ: ಟೊಮೆಟೊ ಸೀಸನ್ನಿನಲ್ಲಿ ಕೋಲಾರದಿಂದ ಚೆನ್ನೈಗೆ ರಾತ್ರಿ ಲೋಡು. 1,700 ಕೆಜಿ ಲೋಡಿನ ಪಿಕಪ್. 140 ಕ್ರೇಟ್ ಹಾಕುತ್ತೇವೆ. ಎರಡು ತಿಂಗಳಲ್ಲಿ ಹಿಂದಿನ ಟೈರ್ ಎರಡು ಸಲ ಒಡೆಯಿತು. ಟೈರಿನ ಮೇಲೆ 8 ಪಿಆರ್, 104/102 ಎಂದಿದೆ. ಇನ್ನೂ ಗಟ್ಟಿ ಟೈರ್ ಯಾವುದು?
*— ಗಾಡಿ ಮಾಲೀಕರು, ಶ್ರೀನಿವಾಸಪುರ*

ಟೈರ್ ಗಟ್ಟಿಯೇ ಇದೆ. ಲೆಕ್ಕ ಗಟ್ಟಿಯಿಲ್ಲ. ಕ್ರೇಟಿಗೆ 15 ಕೆಜಿ ಹಣ್ಣಿನಂತೆ 140ಕ್ಕೆ 2,100 ಕೆಜಿ. ಖಾಲಿ ಪ್ಲಾಸ್ಟಿಕ್ ಕ್ರೇಟ್ ಒಂದೂವರೆ ಕೆಜಿ ಎಂದು ಹಿಡಿದರೂ ಮತ್ತೆ 210. ಒಟ್ಟು 2,300 ದಾಟಿತು. ಹೆಚ್ಚಾದ 600 ಕೆಜಿಯಲ್ಲಿ ಬಹುಪಾಲು ಕೂರುವುದು ಹಿಂದಿನ ಆಕ್ಸಲ್ ಮೇಲೆ. ಒಂದೊಂದು ಹಿಂದಿನ ಟೈರಿಗೆ 250 ಕೆಜಿ ಜಾಸ್ತಿ ಬಿತ್ತು ಎನ್ನಿ.

104/102 ಎಂಬುದೇ ಟೈರಿನ ಭಾರದ ಭಾಷೆ. ಮೊದಲ ಅಂಕಿ ಒಂದು ಬದಿಗೆ ಒಂದೇ ಟೈರ್ ಇರುವಾಗ, ಎರಡನೆಯದು ಜೋಡಿ ಟೈರ್ ಇರುವಾಗ. 100 ಅಂದರೆ 800 ಕೆಜಿ, 102 ಅಂದರೆ 850, 104 ಅಂದರೆ 900, 106 ಅಂದರೆ 950, 108 ಅಂದರೆ 1,000. ನಿಮ್ಮದು 900 ಹೊರುತ್ತದೆ, ಅದೂ ಪಕ್ಕೆಯ ಮೇಲೆ ಬರೆದ ಪೂರ್ತಿ ಪ್ರೆಶರ್ ಇದ್ದಾಗ ಮಾತ್ರ. ಹತ್ತು ಪಿಎಸ್‌ಐ ಕಡಿಮೆ ಇದ್ದರೆ ಆ 900ರ ಮಾತು ಮರೆತುಬಿಡಿ. 8 ಪಿಆರ್ ಎಂದರೆ ಎಂಟು ಪದರ ಇದೆ ಎಂದೂ ಅಲ್ಲ. ಹಳೆಯ ಕಾಲದ ಎಂಟು ಪದರದ ಹತ್ತಿ ದಾರದ ಟೈರಿನಷ್ಟು ತಾಳುತ್ತದೆ ಎಂಬ ದರ್ಜೆ ಅದು.

1,700 ಕೆಜಿಗೆ ಕ್ರೇಟು ಸೇರಿ ಸರಿಹೊಂದುವುದು 103. ನೂರು ಎಂದಿಟ್ಟುಕೊಳ್ಳಿ. ಉಳಿದ 40 ಕ್ರೇಟಿನ ಬಾಡಿಗೆ ಎಷ್ಟು, ಒಂದು ಟೈರಿನ ಬೆಲೆ ಎಷ್ಟು, ನಡುರಾತ್ರಿ ಹೆದ್ದಾರಿಯಲ್ಲಿ ನಿಂತು ಕೆಟ್ಟ ಹಣ್ಣಿನ ಬೆಲೆ ಎಷ್ಟು, ನೀವೇ ಕೂಡಿಸಿ. ಹೆಚ್ಚಿನ ಅಂಕಿಯ ಟೈರ್ ಸಿಕ್ಕರೂ ಡಿಸ್ಕು (ಟೈರ್ ಕೂರುವ ಲೋಹದ ಚಕ್ರ), ನಟ್ಟು, ಕಮಾನು (ಸ್ಪ್ರಿಂಗ್ ಪಟ್ಟಿ), ಹೌಸಿಂಗ್ (ಹಿಂದಿನ ಆಕ್ಸಲಿನ ಕವಚ), ಬ್ರೇಕು ಎಲ್ಲ 1,700ಕ್ಕೇ ಮಾಡಿದ್ದು. ಟೈರ್ ತಡೆದರೆ ಇನ್ನೊಂದು ಮುರಿಯುತ್ತದೆ.

ಅಂಗಡಿಯಲ್ಲಿ ಇನ್ನೊಂದು ಎಚ್ಚರ. ಅಳತೆ ಒಂದೇ ಎಂದು ಕಾರಿನ ಟೈರ್ ತೋರಿಸಿದರೆ ಒಪ್ಪಬೇಡಿ. ಸರಕು ಗಾಡಿಯ ಟೈರಿಗೆ ‘ಎಲ್‌ಟಿ’ (ಲೈಟ್ ಟ್ರಕ್) ಅಥವಾ ಅಳತೆಯ ಕೊನೆಗೆ ‘ಸಿ’ ಇರುತ್ತದೆ. ರೀಸೋಲ್ ಟೈರನ್ನು (ಸವೆದದ್ದಕ್ಕೆ ಹೊಸ ರಬ್ಬರ್ ಕೂರಿಸಿದ್ದನ್ನು) ಮುಂದಿನ ಗಾಲಿಗೆ ಎಂದೂ ಬೇಡ. ಈ ಲೋಡಿನ ರಾತ್ರಿ ಓಟಕ್ಕೆ ಹಿಂದೆಯೂ ಬೇಡ ಎನ್ನುವುದು ನಮ್ಮ ಅಭಿಪ್ರಾಯ.

ಖಾಲಿ ವಾಪಸಾಗುವಾಗ ಲೋಡಿನ ಪ್ರೆಶರಿನಲ್ಲೇ ಓಡಿಸಿದರೆ ಹಿಂದಿನ ಟೈರಿನ ನಡುಭಾಗ ಬೇಗ ಸವೆಯುತ್ತದೆ, ಒದ್ದೆ ರಸ್ತೆಯಲ್ಲಿ ಜಾರುತ್ತದೆ. ಬಾಗಿಲ ಬಳಿಯ ಚೀಟಿಯಲ್ಲಿ ಖಾಲಿಗೆ, ಲೋಡಿಗೆ ಬೇರೆ ಬೇರೆ ಅಂಕಿ ಕೊಟ್ಟಿದ್ದರೆ ಮರುದಿನ ತಣ್ಣಗಿರುವಾಗ ಹೊಂದಿಸಬಹುದು. ದಿನಾ ಲೋಡು ಇದ್ದರೆ ಲೋಡಿನ ಅಂಕಿಯಲ್ಲೇ ಇರಲಿ. ನಡು ಸವೆದ ಟೈರ್ ನಷ್ಟ, ಒಡೆದ ಟೈರ್ ಅಪಘಾತ.

ಪ್ರಶ್ನೆ: ಟ್ಯೂಬ್‌ಲೆಸ್ ಟೈರಿಗೆ ಟ್ಯೂಬ್ ಹಾಕಿಕೊಡುತ್ತೇನೆ ಎನ್ನುತ್ತಾನೆ ಪಂಕ್ಚರ್ ಅಂಗಡಿಯವನು.
*— ಶಿರಸಿ*

ಮನೆ ಮುಟ್ಟಲು ಸರಿ, ಅಷ್ಟಕ್ಕೇ ನಿಲ್ಲಿಸಿ. ಟೈರಿಗೂ ಟ್ಯೂಬಿಗೂ ತಿಕ್ಕಾಟವಾಗಿ ಬಿಸಿ ಹೆಚ್ಚುತ್ತದೆ, ತೂತಾದರೆ ಗಾಳಿ ಒಮ್ಮೆಲೇ ಹೋಗುತ್ತದೆ. ನಡುಭಾಗದ ತೂತು 6 ಮಿಲಿಮೀಟರಿಗಿಂತ ಸಣ್ಣದಿದ್ದರೆ ಟೈರ್ ಬಿಚ್ಚಿಸಿ ಒಳಗಿನಿಂದ ಅಣಬೆಯಾಕಾರದ ಪ್ಯಾಚ್ ಹಾಕಿಸಿ. ಹೊರಗಿನಿಂದ ತುರುಕುವ ದಾರ ತಾತ್ಕಾಲಿಕ. ಪಕ್ಕೆಯಲ್ಲಿ ತೂತಾಗಿದ್ದರೆ ಟೈರಿನ ಆಯುಷ್ಯ ಮುಗಿಯಿತು.

ಪಂಕ್ಚರಾದದ್ದು ತಿಳಿಯದೆ ಮೈಲಿಗಟ್ಟಲೆ ಓಡಿಸಿದ್ದರೆ ಇನ್ನೂ ಒಂದು ಮಾತು. ಹಾಗೇ ಗಾಳಿ ಹಿಡಿಸಬೇಡಿ. ಟೈರ್ ಬಿಚ್ಚಿ ಒಳಗೆ ಕೈಯಾಡಿಸಿ; ರಬ್ಬರ್ ಪುಡಿ ಉದುರಿದರೆ, ಪಕ್ಕೆಯ ಸುತ್ತ ಉಜ್ಜಿದ ಗೆರೆ ಕಂಡರೆ ಒಳಗಿನ ದಾರ ಕಡಿದಿದೆ. ಅಂಥ ಟೈರ್ ಗಾಳಿ ತುಂಬುವಾಗಲೇ ಸಿಡಿಯುತ್ತದೆ. ಟೈರನ್ನು ಡಿಸ್ಕಿಗೆ ಕೂರಿಸುವಾಗ 40 ಪಿಎಸ್‌ಐ ಮುಟ್ಟಿದರೂ ಅಂಚು ಕೂರದಿದ್ದರೆ ಗಾಳಿ ಬಿಟ್ಟು, ಸಾಬೂನು ನೀರು ಸವರಿ ಮತ್ತೆ ಹಿಡಿಸಬೇಕು. ಟೈರಿನ ಎದುರಿಗೆ ಬಗ್ಗಿ ನೋಡುತ್ತ ನಿಲ್ಲಬೇಡಿ, ಬಟನ್ (ನೆಲಕ್ಕೆ ತಾಗುವ ಗೀರಿನ ರಬ್ಬರ್) ಇರುವ ಕಡೆಗೆ ಸರಿದು ನಿಲ್ಲಿ. ಸಿಡಿದರೆ ಪಕ್ಕೆ ಸಿಡಿಯುತ್ತದೆ.

ಪ್ರಶ್ನೆ: ಲೋಡು ಗಾಡಿಯ ಹಿಂದಿನ ಟೈರ್ ಘಾಟಿಯಲ್ಲಿ ಪಂಕ್ಚರ್ ಆಯಿತು. ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿ ಇಟ್ಟೇ ಜಾಕ್ ಹಾಕಿದ್ದು. ಆದರೂ ಗಾಡಿ ಜರುಗಿ ಜಾಕ್ ಬಿತ್ತು. ಯಾಕೆ?
*— ಕಾಫಿ ಸಾಗಿಸುವವರು, ಮೂಡಿಗೆರೆ*

ಎರಡೂ ನಂಬಿಕೆ ಹಿಂದಿನ ಗಾಲಿ ಎತ್ತಿದ ಕ್ಷಣ ಕೈಕೊಡುತ್ತವೆ. ಹಿಂದಿನ ಗಾಲಿಗೆ ಡ್ರೈವ್ ಇರುವ ಪಿಕಪ್ಪಿನಲ್ಲಿ ಗೇರು ಹಿಡಿಯುವುದು ಪ್ರೊಪೆಲ್ಲರ್ ಶಾಫ್ಟನ್ನು, ಅಂದರೆ ಬಲವನ್ನು ಹಿಂದಿನ ಆಕ್ಸಲಿಗೆ ಒಯ್ಯುವ ಉದ್ದ ದಂಡವನ್ನು. ಆದರೆ ಡಿಫರೆನ್ಷಿಯಲ್ ಇರುವುದೇ ಎರಡು ಗಾಲಿ ಬೇರೆ ಬೇರೆ ತಿರುಗಲಿ ಎಂದು. ಶಾಫ್ಟ್ ನಿಂತಿದ್ದರೂ ಮೇಲೆತ್ತಿದ ಗಾಲಿ ಒಂದು ಕಡೆ ತಿರುಗುತ್ತ, ನೆಲದ ಮೇಲಿರುವ ಗಾಲಿ ಇನ್ನೊಂದು ಕಡೆ ಉರುಳಬಹುದು. ಹ್ಯಾಂಡ್‌ಬ್ರೇಕೂ ಹಿಂದಿನ ಗಾಲಿಗಳಿಗೇ. ಒಂದು ಗಾಳಿಯಲ್ಲಿದ್ದಾಗ ಇಡೀ ಲೋಡನ್ನು ಇಳಿಜಾರಿನಲ್ಲಿ ಹಿಡಿಯುವ ಹೊಣೆ ಒಂದೇ ಡ್ರಮ್ಮಿಗೆ. ಕೇಬಲ್ ಸಡಿಲವಿದ್ದರೆ ಕೇಳುವುದೇ ಬೇಡ.

ಆದ್ದರಿಂದ ನಿಜವಾಗಿ ಗಾಡಿ ಹಿಡಿಯಬೇಕಾದ್ದು ಮುಂದಿನ ಗಾಲಿಗೆ ಕೊಟ್ಟ ಅಡ್ಡ. ದುಂಡು ಕಲ್ಲು ಬೇಡ, ಅದು ತಾನೂ ಉರುಳುತ್ತದೆ. ಓರೆಯಾಗಿ ಕತ್ತರಿಸಿದ ಎರಡು ಮರದ ದಿಮ್ಮಿ ಗಾಡಿಯಲ್ಲೇ ಇರಲಿ. ಇಳಿಜಾರಿನ ಕಡೆಗೆ, ಎರಡೂ ಮುಂದಿನ ಗಾಲಿಗೆ ಒತ್ತಿ ಇಡಿ. ಸಾಧ್ಯವಾದರೆ ಗಾಳಿ ಹೋದ ಟೈರಿನಲ್ಲೇ ನೂರಿನ್ನೂರು ಮೀಟರ್ ನಿಧಾನ ಓಡಿಸಿ ಸಮತಟ್ಟಾದ ಜಾಗಕ್ಕೆ ಹೋಗಿ. ಟೈರ್ ಹೋದರೆ ಹೋಗಲಿ. ತಿರುವಿನಲ್ಲಿ ನಿಲ್ಲಲೇಬೇಕಾದರೆ ಕೆಂಪು ತ್ರಿಕೋನವನ್ನು ತಿರುವಿನ ಆಚೆ ಬದಿಗೆ ಇಟ್ಟು ಬನ್ನಿ.

ಜಾಕ್ ಏರಿಸುವ ಮೊದಲೇ, ಗಾಲಿ ನೆಲದ ಮೇಲಿರುವಾಗ, ಪ್ರತಿ ನಟ್ಟನ್ನು ಅರ್ಧ ಸುತ್ತು ಸಡಿಲಿಸಿ. ಎತ್ತಿದ ಮೇಲೆ ಬಲ ಹಾಕಿ ಎಳೆದರೆ ಗಾಡಿ ಅಲುಗುತ್ತದೆ. ಜಾಕ್ ಇಡುವುದು ಹೌಸಿಂಗ್ ಕೆಳಗೆ, ಕಮಾನಿನ ಯು-ಬೋಲ್ಟಿಗೆ ಹತ್ತಿರ. ಬಾಡಿಯ ಅಡಿಗಲ್ಲ, ಡಿಫರೆನ್ಷಿಯಲ್ ಗುಂಡಿನ ಕೆಳಗೂ ಅಲ್ಲ. ಮಲೆನಾಡಿನ ರಸ್ತೆಯಂಚಿನ ಮಣ್ಣು ನಂಬಲು ಬಾರದು. 10 ಸೆಂಟಿಮೀಟರ್ ಚದರದ ಬಾಟಲಿ ಜಾಕಿನ ಬುಡದ ಮೇಲೆ ಒಂದು ಟನ್ ಬಿದ್ದರೆ ಪ್ರತಿ ಚದರ ಸೆಂಟಿಮೀಟರಿಗೆ 10 ಕೆಜಿ. ಅದೇ ಜಾಕಿನ ಕೆಳಗೆ ಒಂದಡಿ ಚದರದ, ಎರಡು ಬೆರಳು ದಪ್ಪದ ಹಲಗೆ ಇದ್ದರೆ ಒಂದು ಕೆಜಿ ಚಿಲ್ಲರೆ. ಗಾಲಿ ಬಿಚ್ಚಿದ ಕೂಡಲೇ ಸ್ಟೆಪ್ನಿಯನ್ನೋ ಬಿಚ್ಚಿದ ಗಾಲಿಯನ್ನೋ ಚಾಸಿಯ ಕೆಳಗೆ ಮಲಗಿಸಿಡಿ. ಜಾಕ್ ಜಾರಿದರೂ ಗಾಡಿ ಅದರ ಮೇಲೆ ಕೂರುತ್ತದೆ, ಕೈಯ ಮೇಲಲ್ಲ.

ಪ್ರಶ್ನೆ: ವೀಲ್ ಸ್ಪ್ಯಾನರ್ ಮೇಲೆ ಹತ್ತಿ ನಿಂತು ಬಿಗಿ ಮಾಡಿದರೂ ನಟ್ ಸಡಿಲವಾಗುತ್ತದೆ. ಕಳೆದ ವಾರ ಒಂದು ಸ್ಟಡ್ (ನಟ್ ಕೂರುವ ಬೋಲ್ಟ್) ತುಂಡಾಯಿತು.
*— ಚಾಮರಾಜನಗರ*

ಹತ್ತಿ ನಿಂತದ್ದಕ್ಕೇ ತುಂಡಾದದ್ದು. ಅರ್ಧ ಮೀಟರ್ ಉದ್ದದ ಹಿಡಿಕೆಯ ತುದಿಗೆ 20 ಕೆಜಿ ಭಾರ ಹಾಕಿದರೆ 100 ನ್ಯೂಟನ್ ಮೀಟರ್ ಬರುತ್ತದೆ. ಸಣ್ಣ ಸರಕು ಗಾಡಿಗಳ ನಟ್ಟಿಗೆ ಹೆಚ್ಚುಕಡಿಮೆ ಅಷ್ಟೇ ಬೇಕಾದ್ದು, ನಿಮ್ಮ ಗಾಡಿಯ ಖಚಿತ ಅಂಕಿ ಕೈಪಿಡಿಯಲ್ಲಿದೆ. 70 ಕೆಜಿಯ ಮನುಷ್ಯ ಹತ್ತಿದರೆ ಮೂರೂವರೆ ಪಟ್ಟು. ಸ್ಟಡ್ ಒಳಗೊಳಗೇ ಎಳೆದುಕೊಂಡು ಹಿಡಿತ ಕಳೆದುಕೊಳ್ಳುತ್ತದೆ, ಒಂದು ದಿನ ಮುರಿಯುತ್ತದೆ. ಸ್ಟಡ್ಡಿನ ಎಳೆಗೆ (ಥ್ರೆಡ್ಡಿಗೆ) ಗ್ರೀಸ್ ಹಚ್ಚಿದರೂ ಅದೇ ಕಥೆ, ಅದೇ ಬಲಕ್ಕೆ ಸ್ಟಡ್ ಹೆಚ್ಚು ಎಳೆಯಲ್ಪಡುತ್ತದೆ.

ಸಡಿಲವಾಗುವ ಕಾರಣ ಬೇರೆ ಕಡೆ ಇದೆ. ಡಿಸ್ಕು ಹಬ್ಬಿಗೆ ಕೂರುವ ಮುಖದಲ್ಲಿ ಮಣ್ಣು, ತುಕ್ಕು, ಹೊಸದಾಗಿ ಬಳಿದ ದಪ್ಪ ಪೇಂಟು ಇದ್ದರೆ ಓಡುತ್ತ ಅದು ಪುಡಿಯಾಗಿ ನಟ್ಟಿಗೆ ಜಾಗ ಸಿಗುತ್ತದೆ. ತಂತಿ ಬ್ರಷ್ಷಿನಿಂದ ಉಜ್ಜಿ. ನಟ್ಟಿನ ಓರೆ ಮುಖ ಡಿಸ್ಕಿನ ಕಡೆಗಿರಲಿ. ಐದು ನಟ್ ಇದ್ದರೆ ಒಂದು ಬಿಟ್ಟು ಒಂದು, ಆರಿದ್ದರೆ ಎದುರುಬದುರು, ಎರಡು ಮೂರು ಸುತ್ತಿನಲ್ಲಿ ಬಿಗಿ ಮಾಡಿ. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ನೋಡಿ. ಒಂದು ಸ್ಟಡ್ ಮುರಿದರೆ ಅದರ ಅಕ್ಕಪಕ್ಕದ ಎರಡು ಸ್ಟಡ್ಡುಗಳನ್ನೂ ಬದಲಿಸಿಬಿಡಿ, ಅವೂ ಅಷ್ಟೇ ಏಟು ತಿಂದಿವೆ. ನಟ್ ತೂತು ಮೊಟ್ಟೆಯಾಕಾರವಾಗಿದ್ದರೆ ಡಿಸ್ಕ್ ಗುಜರಿಗೆ.

ಪ್ರಶ್ನೆ: ಸ್ಟೆಪ್ನಿ 2016ರದ್ದು, ಒಮ್ಮೆಯೂ ಬಳಸಿಲ್ಲ, ಬಟನ್ ಹೊಸದರ ಹಾಗಿದೆ. ಮುಂದಕ್ಕೆ ಹಾಕಬಹುದೇ?
*— ಬೀದರ್*

ಬೇಡ. ಟೈರಿನ ವಯಸ್ಸು ಪಕ್ಕೆಯ ನಾಲ್ಕಂಕಿಯಲ್ಲಿದೆ: 2316 ಎಂದರೆ 2016ರ 23ನೇ ವಾರ. ಬಟನ್ ಸವೆಯದಿದ್ದರೂ ರಬ್ಬರ್ ಒಣಗುತ್ತದೆ, ಗಾಡಿಯಡಿ ನೇತಾಡುವ ಸ್ಟೆಪ್ನಿಯಂತೂ ಸೈಲೆನ್ಸರಿನ ಬಿಸಿ, ಕೆಸರು ಎರಡನ್ನೂ ಉಣ್ಣುತ್ತದೆ. ಐದು ವರ್ಷವಾದ ಮೇಲೆ ಪ್ರತಿ ವರ್ಷ ಬಿಚ್ಚಿ ಪರೀಕ್ಷಿಸಬೇಕು. ಹತ್ತು ತುಂಬಿದ್ದನ್ನು ಸ್ಟೆಪ್ನಿಯಾಗಿಯೂ ಇಡಬಾರದು. ಲೋಡು ಗಾಡಿಗೆ ಆರೇ ಸಾಕು ಎನ್ನುತ್ತೇವೆ ನಾವು. ಸವೆತದ ಕಾನೂನು ಮಿತಿ 1.6 ಮಿಲಿಮೀಟರ್, ಗೀರಿನ ತಳದಲ್ಲಿ ಉಬ್ಬಿಸಿರುವ ಸಣ್ಣ ರಬ್ಬರ್ ಗಂಟಿನ ಮಟ್ಟಕ್ಕೆ ಬಟನ್ ಇಳಿದರೆ ಮುಗಿಯಿತು. ಮಳೆಗಾಲಕ್ಕೆ 3 ಉಳಿದಿರುವಾಗಲೇ ಬದಲಿಸಿ.

ಪ್ರಶ್ನೆ: ಗಾಡಿಯಲ್ಲಿ ಏನೇನು ಇಟ್ಟುಕೊಂಡಿರಬೇಕು?
*— ಹಲವರು*

10, 15, 20ರ ಫ್ಯೂಸ್ ಎರಡೆರಡು, 30ರದ್ದು ಒಂದು, ನಿಮ್ಮ ಪೆಟ್ಟಿಗೆಯ ಗಾತ್ರಕ್ಕೆ ಹೊಂದುವಂಥವು. ವೈರು ಬೆಸೆದ 21 ವ್ಯಾಟ್ ಬಲ್ಬು. ಎರಡು ದಿಮ್ಮಿ, ಒಂದು ಹಲಗೆ. 100 ಪಿಎಸ್‌ಐವರೆಗೆ ಅಳೆಯುವ ಗಾಳಿ ಮೀಟರ್, ಏಕೆಂದರೆ ಕಾರಿನವರ 50ರ ಮೀಟರ್ ನಿಮಗೆ ಸಾಲದು. ನಾಲ್ಕು ವಾಲ್ವ್ ಕ್ಯಾಪ್ ಕೂಡ ಇರಲಿ. ಕ್ಯಾಪ್ ಇಲ್ಲದ ವಾಲ್ವಿಗೆ ಮಣ್ಣು ಸೇರಿ ರಾತ್ರಿಯಿಡೀ ಗಾಳಿ ಸೋರುತ್ತದೆ. ಫ್ಯೂಸುಗಳನ್ನು ಸಣ್ಣ ಡಬ್ಬಿಯಲ್ಲಿ ಹಾಕಿಡಿ, ಡ್ಯಾಶ್‌ಬೋರ್ಡಿನ ಚಿಲ್ಲರೆ ಕಾಸಿನ ಜೊತೆಗಲ್ಲ. ಆ ಚಿಲ್ಲರೆಯನ್ನೂ ಬೇರೆ ಕಡೆ ಇಡಿ. ‘ಮೊಬೈಲ್ ಚಾರ್ಜ್ ಆಗುತ್ತಿಲ್ಲ’ ಎಂದು ಬರುವ ಗಾಡಿಗಳ ಚಾರ್ಜರ್ ಸಾಕೆಟ್ಟಿನಲ್ಲಿ ಟಾರ್ಚ್ ಬಿಟ್ಟು ನೋಡಿದರೆ ತಳದಲ್ಲಿ ಒಂದು ರೂಪಾಯಿ ನಾಣ್ಯ ಕೂತಿರುತ್ತದೆ.